ಅರ್ಧ ನೆರಳಿನ ವರಾಂಡಕ್ಕೆ ಹೂ ಆರಿಸಿಕೊಟ್ಟ ಚಾಚಾ

ಹೋದ ವಾರ ಆಳಂದದ ರಸ್ತೆ ಬದಿಯ ನರ್ಸರಿಯೊಂದರಲ್ಲಿ ಹೂಗಿಡ ಕೊಳ್ಳಲು ನಿಂತಿದ್ದೆ. ಗಿಡ ಮಾರುವ ಹೆಂಗಸು ಮೂಲೆಯಲ್ಲಿದ್ದ ಚೀಲದ ಬಾಯಿ ಬಿಚ್ಚಿದಳು. ಬೇವಿನ ಹಿಂಡಿಯ ಕಹಿ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಜೇವರ್ಗಿಯ ಆ ಓಣಿ, ಶಹಾಬಾದ್ ಕಲ್ಲು ಹಾಸಿದ ನಮ್ಮ ಬಾಡಿಗೆ ಮನೆಯ ವರಾಂಡ, ಅಲ್ಲಿ ಕೊರಳಿಗೆ ಟೇಪು ಹಾಕಿಕೊಂಡೇ ಕೂತು ಹಿಂಡಿಯನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡುತ್ತಿದ್ದ ಟೇಲರ್ ಚಾಚಾ...

"ನಿಮ್ಮ ಮನಿ ಮುಂದ ಬಿಸಿಲೋ ನೆಳ್ಳೋ?" ಎಂದು ಆಕೆ ಕೇಳಿದಳು. "ಎರಡೂ" ಎಂದೆ. ಆಕೆ ನಕ್ಕು, "ಎರಡೂ ಅಂದ್ರ ಹ್ಯಾಂಗ್ರಿ?" ಎಂದಳು. ಒಂದು ಕಾಲಕ್ಕೆ ನನಗೂ ಅದರ ಉತ್ತರ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಚಾಚಾ.

ನಾನಾಗ ಜೇವರ್ಗಿಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ನಮ್ಮ ಊರು ಆಳಂದ ತಾಲ್ಲೂಕಿನ ಹಿರೋಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನನ್ನ ಜೊತೆಗೆ ಕರೆದುಕೊಂಡು ಬಂದಿದ್ದೆ. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವರಿಗೆ ಕೇಳುವ ಹಾಗೆ ಮಾತಾಡುತ್ತಿದ್ದ ಅವ್ವ ಜೇವರ್ಗಿಗೆ ಬಂದ ಮೇಲೆ ಮೂರೇ ಮಾತಿಗೆ ಇಳಿದಿದ್ದಳು. ಹೂಂ. ಬ್ಯಾಡ. ಆತು. ಮುಂಜಾನೆ ಸ್ನಾನ ಮಾಡಿ ವರಾಂಡದ ಕುರ್ಚಿಯಲ್ಲಿ ಕೂತರೆ ಊಟಕ್ಕೆ ಏಳುವುದು. ಮತ್ತೆ ಮೂರು ಗಂಟೆಗೆ ಬಂದು ಕೂತರೆ ದೀಪ ಹಚ್ಚುವ ಹೊತ್ತಿಗೆ ಒಳಗೆ ಹೋಗುವುದು. ಅವಳ ಎದುರಿಗೆ ಇದ್ದದ್ದು ಓಣಿಯ ಆಚೆ ಬದಿಯ ಟೇಲರ್ ಅಂಗಡಿಯ ಸುಣ್ಣ ಬಳಿದ ಗೋಡೆ ಮಾತ್ರ. ಇಡೀ ದಿನ ಆ ಬಿಳಿ ಗೋಡೆಯನ್ನೇ ನೋಡುತ್ತಾ ಅವ್ವ ಏನು ಯೋಚಿಸುತ್ತಾಳೆ ಎಂದು ಶಾಲೆಯಲ್ಲೂ ನನಗೆ ಅದೇ ಚಿಂತೆ.

ಕಣ್ಣೆದುರು ನಾಲ್ಕು ಹೂವಿದ್ದರೆ ಮನಸ್ಸು ತಿರುಗಬಹುದು ಅನ್ನಿಸಿತು. ಕಲಬುರಗಿಗೆ ಹೋದಾಗ ಗುಲಾಬಿ, ಡೇಲಿಯಾ, ಸೇವಂತಿಗೆಯ ಕುಂಡಗಳನ್ನು ತಂದು ಸಾಲಾಗಿ ಇಟ್ಟೆ. ಕಪ್ಪು ಪ್ಲಾಸ್ಟಿಕ್ ಕುಂಡಗಳು, ನೋಡಲು ಚಂದ. ಮೂರು ವಾರದಲ್ಲಿ ಗುಲಾಬಿಯ ಮೊಗ್ಗು ಅರಳದೆ ಉದುರಿತು. ಡೇಲಿಯಾ ಬುಡದಲ್ಲಿ ಕೊಳೆಯಿತು. ಸೇವಂತಿಗೆಯ ಎಲೆ ಅಂಚಿನಿಂದ ಒಳಕ್ಕೆ ಸುಟ್ಟು ಕಾಗದದಂತಾಯಿತು. ನನಗೆ ಆಶ್ಚರ್ಯವಾದದ್ದು ಈ ಕೊನೆಯದು. ನಮ್ಮದು ಪೂರ್ವಕ್ಕೆ ಮುಖ ಮಾಡಿದ ಮನೆ. ಹನ್ನೊಂದೂವರೆಗೆ ಬಿಸಿಲು ಮೆಟ್ಟಿಲು ದಾಟಿ ಹೊರಗೆ ಹೋಗುತ್ತದೆ. ನೆರಳಲ್ಲಿದ್ದ ಎಲೆ ಸುಡುವುದು ಹೇಗೆ?

ಯಾರೋ ಹೇಳಿದರೆಂದು ಆಮೇಲೆ ಒಂದು ಅಬ್ಬಲಿಗೆ ಗಿಡ ತಂದೆ. ಅದು ಬದುಕಿತು. ಹತ್ತು ದಿನಕ್ಕೆ ಕಿತ್ತಳೆ ಬಣ್ಣದ ತೆನೆ ಬಿಟ್ಟಿತು. ಅವತ್ತು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಅವ್ವ ಕುರ್ಚಿಯನ್ನು ವರಾಂಡದ ಇನ್ನೊಂದು ತುದಿಗೆ ಎಳೆದುಕೊಂಡು, ಗಿಡಕ್ಕೆ ಬೆನ್ನು ಮಾಡಿ, ಮನೆಯ ಬಾಗಿಲಿನತ್ತ ಮುಖ ಮಾಡಿ ಕೂತಿದ್ದಳು. "ಯಾಕ ಯವ್ವಾ?" ಎಂದರೆ "ಆತು" ಎಂದಳು.

ಚಾಚಾ ಓಣಿ ದಾಟಿ ನಮ್ಮ ಮನೆಗೆ ಬಂದದ್ದು ಅದೇ ವಾರ. ನಾನು ಹೊಲಿಯಲು ಕೊಟ್ಟಿದ್ದ ಪರದೆ ಕೊಡಲು ಬಂದಿದ್ದರು. ಅರವತ್ತೈದರ ಸುಮಾರಿನ ತೆಳ್ಳನೆಯ ಮನುಷ್ಯ. ಚೌಕುಳಿ ಲುಂಗಿ, ಬಿಳಿ ಟೋಪಿ, ಕಿವಿಯ ಸಂದಿಗೆ ನೀಲಿ ಸೀಮೆಸುಣ್ಣದ ಚೂರು. ಒಂದು ಕಾಲಕ್ಕೆ ಊರಿನ ಅರ್ಧ ಹುಡುಗಿಯರ ಶಾಲೆಯ ಅಂಗಿ ಹೊಲಿದವರಂತೆ. ನಾನು ಬರುವ ಹೊತ್ತಿಗೆ ಪರದೆ, ದಿಂಬಿನ ಗವಸು, ಸೀರೆಯ ಅಂಚು ಇಷ್ಟೇ ಹೊಲಿಯುತ್ತಿದ್ದರು. ರೆಡಿಮೇಡ್ ಬಟ್ಟೆ ಬಂದು ಕೆಲಸ ಕಡಿಮೆಯಾಗಿರಬೇಕು ಎಂದುಕೊಂಡಿದ್ದೆ.

ಮೆಟ್ಟಿಲನ್ನು ಕಾಲಿನಿಂದ ಸವರಿ ಹತ್ತಿದರು. ಒಣಗಿದ ಗುಲಾಬಿಯ ಕಡ್ಡಿಯನ್ನು ಮುಟ್ಟಿ ನೋಡಿ ಕೇಳಿದರು. "ಟೀಚರ್, ಇದಕ್ಕ ಅಳತಿ ಯಾರ ತಗೊಂಡಿದ್ರು?"

"ಗಿಡಕ್ಕ ಎಂಥಾ ಅಳತಿ ಚಾಚಾ?"

"ಗಿಡಕ್ಕಲ್ರಿ, ಜಾಗಾಕ್ಕ. ಅಳತಿ ಇಲ್ದ ಹೊಲದ್ರ ಅಂಗಿ ಮೈಗೆ ಕುಂದರ್ತದೇನು? ಐತವಾರ ಬರ್ತೇನಿ."

ಭಾನುವಾರ ಏಳಕ್ಕೇ ಬಂದರು. ಅವ್ವ ಆಗಲೇ ಕುರ್ಚಿಯಲ್ಲಿದ್ದಳು. ಎದುರಿನ ಮಾಳಿಗೆಯ ಮೇಲಿಂದ ಸೂರ್ಯ ಇಣುಕಿದ ಮೇಲೆ ಬಿಸಿಲು ವರಾಂಡದ ಒಳಗೋಡೆಯ ತನಕ ಚಾಚಿತು. ಚಾಚಾ ನೆಲದ ಮೇಲೆ ಕೂತು ಕಲ್ಲಿನ ಮೇಲೆ ಅಂಗೈ ಇಟ್ಟರು. ಮೆಲ್ಲಗೆ ಸರಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಎಂಟು ಎಂದು ಬರೆದರು. ಒಂಬತ್ತಕ್ಕೆ ಇನ್ನೊಂದು ಗೆರೆ, ಹತ್ತಕ್ಕೆ ಮತ್ತೊಂದು. ಬಿಸಿಲು ಹಿಂದೆ ಹಿಂದೆ ಸರಿಯುತ್ತಾ ಮೆಟ್ಟಿಲಿನ ಕಡೆ ಹೋಗುತ್ತಿತ್ತು. ಅದರ ಬೆನ್ನಿಗೆ ಚಾಚಾರ ಅಂಗೈ.

ಕಣ್ಣಿಗೇ ಕಾಣುವ ಬಿಸಿಲನ್ನು ಕೈಯಿಂದ ಯಾಕೆ ಹುಡುಕುತ್ತಾರೆ? ಕೇಳಿಯೇಬಿಟ್ಟೆ.

"ಕಣ್ಣಿಗೆ ಕಾಣೋದು ಬೆಳಕ್ರಿ. ಗಿಡಕ್ಕ ತಾಗೋದು ಶಾಖ. ಅದು ಕೈಗೇ ಗೊತ್ತಾಗಬೇಕು" ಎಂದರು. ಮಾತು ಸರಿಯಾಗಿಯೇ ಇತ್ತು. ನಾನು ತಲೆಯಾಡಿಸಿದೆ.

ಹನ್ನೆರಡರ ಹೊತ್ತಿಗೆ ಗೆರೆಗಳೆಲ್ಲ ಮುಗಿದವು. ಏಳಲು ಹೋದರೆ, "ಕೂಡ್ರಿ, ಇನ್ನಾ ಅರ್ಧಾ ಅಳತಿ ಉಳದದ" ಎಂದರು. ಊಟ ಮುಗಿಸಿ ಮೂರು ಗಂಟೆಗೆ ಮತ್ತೆ ಬಂದರು. ಓಣಿಯ ಕಡೆ ಮುಖ ಮಾಡಿ ಕಣ್ಣು ಮುಚ್ಚಲು ನನಗೆ ಹೇಳಿದರು. ಮುಚ್ಚಿದೆ. ಒಲೆಯ ಮುಂದೆ ಕೂತಂತೆ ಮುಖಕ್ಕೆ ಝಳ ರಾಚಿತು. ಕಣ್ಣು ಬಿಟ್ಟರೆ ಎದುರಿಗೆ ಅವರದೇ ಅಂಗಡಿಯ ಬಿಳಿ ಗೋಡೆ, ಪಡುವಣ ಬಿಸಿಲಿಗೆ ಉರಿಯುತ್ತಿತ್ತು.

"ನಿಮ್ಮ ವರಾಂಡಕ್ಕ ದಿನಕ್ಕ ಎರಡ ಸಲ ಬಿಸಿಲ್ರಿ. ಮುಂಜಾನಿ ಸೂರ್ಯಂದು, ಮಧ್ಯಾಹ್ನ ನನ್ನ ಗ್ವಾಡಿದು."

ಎಷ್ಟೋ ವರ್ಷ ಕನ್ನಡಿ ಹಿಡಿದು ಮಕ್ಕಳಿಗೆ ಬೆಳಕಿನ ಪ್ರತಿಫಲನ ಕಲಿಸಿದವಳು ನಾನು. ನಮ್ಮ ಮನೆಯ ಮುಂದೆಯೇ ಆ ಪಾಠ ದಿನವೂ ನಡೆಯುತ್ತಿತ್ತು, ನನಗೆ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಏನೋ ಸಿಕ್ಕಿದ ಹಾಗೆ ಸಂತೋಷವೂ ಆಯಿತು.

ಎರಡೇ ದಿನದಲ್ಲಿ ಚಾಚಾ ತಮ್ಮ ಹಳೆಯ ಕಡುನೀಲಿ ಪರದೆಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದು, ಹಗ್ಗ ಕಟ್ಟಿ ಗೋಡೆಗೆ ಇಳಿಬಿಟ್ಟರು. ಹೋಗಿ ಬರುವವರು, "ಏನ್ ಟೇಲರ್ ಮಾಸ್ತರ್, ಗ್ವಾಡಿಗೂ ಅಂಗಿ ಹೊಲದ್ರೇನು?" ಎಂದು ನಗುತ್ತಿದ್ದರು. "ಅದರದೂ ಅಳತಿ ತಗೊಂಡೀನಿ" ಎಂದು ಇವರು. ಝಳ ಅರ್ಧಕ್ಕರ್ಧ ಇಳಿಯಿತು.

ಅಬ್ಬಲಿಗೆಯ ವಿಷಯಕ್ಕೂ ಬಂದರು. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇದರ ಜಾಗಾ ಬರೋಬ್ಬರಿ ಅದ. ಮುಂಜಾನಿ ಎಳಿ ಬಿಸಿಲು, ಆಮ್ಯಾಲ ನೆಳ್ಳು, ಇಷ್ಟ ಸಾಕು ಇದಕ್ಕ" ಎಂದರು. ಆಮೇಲೆ ಅವ್ವನಿಗೆ ಕೇಳದ ಹಾಗೆ ನನ್ನನ್ನು ಕೇಳಿದರು. "ಅಮ್ಮಾರ ದನಿ ಈಗ ಆ ತುದಿಯಿಂದ ಬರ್ತದಲ್ರಿ. ಯಜಮಾನ್ರು ಇದೇ ಹೂ ತರ್ತಿದ್ರೇನು?"

ಆಗ ನೆನಪಾಯಿತು... ಸಂತೆಯ ದಿನ ಅಪ್ಪ ಎಲೆಯಲ್ಲಿ ಸುತ್ತಿದ ಅಬ್ಬಲಿಗೆ ಮಾಲೆ ತರುತ್ತಿದ್ದ. ಚೀಲದಿಂದ ಮೊದಲು ಹೊರಗೆ ಬರುತ್ತಿದ್ದದ್ದು ಅದೇ. ಅವ್ವ ಈಗ ಹೂ ಮುಡಿಯುವುದಿಲ್ಲ. ಮಗಳಾಗಿ ನನಗೆ ತಿಳಿಯಬೇಕಾದದ್ದು ಓಣಿಯಾಚೆಯ ಟೇಲರಿಗೆ ತಿಳಿದಿತ್ತು.

"ಇದು ನನ್ನ ಕಡೆ ಇರ್ಲಿ" ಎಂದು ಕುಂಡವನ್ನು ಎತ್ತಿಕೊಂಡರು. "ಮುಡಿಯೋ ಹೂ ಈಗ ಬ್ಯಾಡ. ನೋಡೋ ಹೂ ಹಚ್ಚೋಣ."

ಅಲ್ಲಿಂದ ಹುಡುಕಾಟ ಶುರುವಾಯಿತು. ಅವರು ಮೊದಲು ಕೇಳಿದ್ದು ಯಾವ ಹೂ ಚಂದ ಎಂದಲ್ಲ, ಅವ್ವ ಎಷ್ಟು ಹೊತ್ತಿಗೆ ಕೂರುತ್ತಾಳೆ ಎಂದು. ಮುಂಜಾನೆ ಕೂತಾಗ ನೋಡಲು ಹತ್ತು ಗಂಟೆ ಹೂ. ಅದಕ್ಕೆ ಬಿಸಿಲು ಬೇಕು, ಆದ್ದರಿಂದ ಮೆಟ್ಟಿಲಿನ ಅಂಚಿಗೆ. ಸಂಜೆ ಕೂತಾಗ ಅರಳಲು ಗುಲ್‌ಬಾಕ್ಷಿ, ಅಂದರೆ ಸಂಜೆ ಮಲ್ಲಿಗೆ; ಅದೂ ಅಂಚಿನಲ್ಲೇ. ನಡುವಿನ ಗೆರೆಗಳಲ್ಲಿ ಕರ್ಣಕುಂಡಲ ಮತ್ತು ನಿತ್ಯಪುಷ್ಪ. ನಿತ್ಯಪುಷ್ಪಕ್ಕೆ ಅವರು ಸದಾಫುಲಿ ಅನ್ನುತ್ತಿದ್ದರು. ಎಂಟರ ಗೆರೆಯ ಒಳಗೆ, ಗೋಡೆಯ ಬುಡಕ್ಕೆ, ಬಣ್ಣದೆಲೆಯ ಗಿಡಗಳು. ಒಳಗಡೆ ಹೋದಷ್ಟೂ ಬಿಳಿ ಹೂವೇ ಇರಲಿ ಎಂದು ಅವರ ಹಟ. "ನೆಳ್ಳಾಗ ಕೆಂಪು ಮುಳುಗಿ ಹೋಗ್ತದ್ರಿ. ಬಿಳೀದು ಎದ್ದು ಕಾಣ್ತದ."

ಮೆಣಸಿನ ಕಾಳಿನಂಥ ಗುಲ್‌ಬಾಕ್ಷಿ ಬೀಜ ಯಾರದೋ ಹಿತ್ತಲಿನಿಂದ ಬಂತು. ಸದಾಫುಲಿಯ ಸಸಿಗಳು ಗಟಾರದ ಸಂದಿಯಲ್ಲಿ ತಾವೇ ಹುಟ್ಟಿದ್ದವು. ನಮ್ಮ ಕಡೆಯ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಿದರೆ ಒಣಗಿದಾಗ ಕಲ್ಲು, ನೆನೆದಾಗ ಕೆಸರು. ಅದಕ್ಕೆ ಸಮ ಪ್ರಮಾಣದಲ್ಲಿ ಮರಳು, ಹಳೆಯ ಸಗಣಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ನನ್ನ ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ಮುಟ್ಟಿ, "ಇದರಾಗ ಬೇರು ಬೇಯ್ತದ" ಎಂದು ಮಣ್ಣಿನ ಕುಂಡ ತರಿಸಿದರು. ಅವು ಸಾಲದೆ ಉಳಿಸಿಕೊಂಡ ಪ್ಲಾಸ್ಟಿಕ್ ಕುಂಡಗಳಿಗೆ ಗೋಣಿಚೀಲ ಸುತ್ತಿ ಹೊಲಿದರು. ನೀರು ಬೆಳಗಿನ ಜಾವವೇ ಹಾಕಬೇಕು, ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡದೆ ಹಾಕಕೂಡದು. ಬೇಸಿಗೆಯ ಗೆರೆ ಬೇರೆ, ಚಳಿಗಾಲದ ಗೆರೆ ಬೇರೆ. ಕುಂಡಗಳು ಗೆರೆಯ ಹಿಂದೆ ಸರಿಯಬೇಕು.

ಹೂ ಬಿಡಲು ಶುರುವಾದ ಮೇಲೆ ಚಾಚಾ ದಿನಾ ಸಂಜೆ ಅಂಗಡಿ ಮುಚ್ಚಿ ನಮ್ಮ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಒಂದೇ ಪ್ರಶ್ನೆ.

"ಅಮ್ಮಾರ, ಇವತ್ತ ಎಷ್ಟ ಅರಳ್ಯಾವ?"

ಅವ್ವ ಎದುರಿನ ನೀಲಿ ಪರದೆಯನ್ನೇ ನೋಡುತ್ತಿದ್ದಳು. ನಾನು ಎಣಿಸಿ ಹೇಳಲು ಹೋದರೆ, "ನಿಮ್ಮನ್ನ ಕೇಳಿಲ್ರಿ ಟೀಚರ್" ಎನ್ನುತ್ತಿದ್ದರು. ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಒಂದು ವಾರ ಹೀಗೇ ಆಯಿತು. ಆಮೇಲೆ ಒಂದು ಸಂಜೆ ನಾನು ಒಳಗೆ ಚಹಾ ಸೋಸುತ್ತಿದ್ದಾಗ ಅವ್ವನ ದನಿ ಕೇಳಿತು.

"ಮೂರು."

"ಯಾವ ಬಣ್ಣಾವ್ರಿ?"

"ಎರಡ ಬಿಳಿ. ಒಂದ ಗುಲಾಬಿ."

ನಾನು ಚಹಾದ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಮೂರು ಹೂವಿನಿಂದ ಶುರುವಾದ ಮಾತು ಬರುಬರುತ್ತಾ ಬೆಳೆಯಿತು. ಯಾವ ಮೊಗ್ಗು ನಾಳೆ ಬಿಚ್ಚುತ್ತದೆ, ಯಾವ ಎಲೆಗೆ ಹುಳ ಬಿದ್ದಿದೆ, ಗುಬ್ಬಿ ಯಾವ ಕುಂಡದ ಮಣ್ಣು ಕೆದರಿತು, ಎಲ್ಲ ವರದಿಯಾಗುತ್ತಿತ್ತು. ಒಮ್ಮೆ ಗುಲ್‌ಬಾಕ್ಷಿಯ ಒಂದೇ ಗಿಡದಲ್ಲಿ ಹಳದಿ ಹೂವೂ ಗುಲಾಬಿ ಬಣ್ಣದ ಹೂವೂ ಬಿಟ್ಟವು. ಚಾಚಾ ನಂಬಲಿಲ್ಲ. "ಒಂದ ಗಿಡದಾಗ ಎರಡ ಬಣ್ಣ ಹ್ಯಾಂಗ್ರಿ ಅಮ್ಮಾರ?" ಅವ್ವ ಸಿಟ್ಟಾಗಿ, "ಅಣ್ಣಾರ, ನಾ ಸುಳ್ಳ ಹೇಳಾಕತ್ತೇನೇನು? ಒಂದರಾಗ ಎರಡೂ ಬಣ್ಣದ ಗೀರು ಅವ!" ಎಂದಳು. ನಾನು ಕಾರಣ ವಿವರಿಸಲು ಹೋದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾತು ಬಿಟ್ಟವಳನ್ನು ಮಾತಿಗೆ ಎಳೆಯಲು ಚಾಚಾ ಹೂಡಿದ ಉಪಾಯ ಇದು ಎಂದು ನಾನು ನಂಬಿದ್ದೆ. ಆದರೆ ಕೆಲವು ಸಂಗತಿ ಮನಸ್ಸಿನಲ್ಲಿ ಕೊರೆಯುತ್ತಿದ್ದವು. ಚಹಾದ ಕಪ್ಪು ಕೊಟ್ಟರೆ ಕೈ ಅದರ ಪಕ್ಕಕ್ಕೆ ಹೋಗುತ್ತಿತ್ತು. ಬದಿಯಿಂದ ಯಾರಾದರೂ ಬಂದರೆ ಬೆಚ್ಚುತ್ತಿದ್ದರು. ಒಂದು ದಿನ ಕುತೂಹಲ ತಡೆಯಲಾಗದೆ ಮಾಡಬಾರದ ಕೆಲಸ ಮಾಡಿದೆ. ಅವರು ಕೂರುವ ಜಾಗದ ಹತ್ತಿರ ಯಾವಾಗಲೂ ಇರುತ್ತಿದ್ದ ಬಿಳಿ ಸದಾಫುಲಿಯನ್ನು ಎತ್ತಿ, ಅದರ ಜಾಗದಲ್ಲಿ ಕಡುಗೆಂಪು ಸದಾಫುಲಿ ಇಟ್ಟೆ.

ಚಾಚಾ ಬಂದು ಕೂತರು. ಕೈ ಚಾಚಿ ಹೂವನ್ನು ಹಗುರವಾಗಿ ಸವರಿದರು. "ಈ ಬಿಳೀದು ಭಾಳ ಚೊಲೋ ಬಂದದ" ಎಂದರು.

ನಾನು ಬಾಯಿ ತೆರೆದೆ. ಅವ್ವ ನನ್ನನ್ನು ನೋಡಿದಳು. ಅಪ್ಪ ಹೋದ ಮೇಲೆ ಅವಳ ಕಣ್ಣಲ್ಲಿ ಅಂಥ ಬಿರುಸು ನಾನು ಕಂಡಿರಲಿಲ್ಲ. ಒಂದು ಗಳಿಗೆ ಬಿಟ್ಟು ಅವ್ವ ಹೇಳಿದಳು.

"ಹೌದ್ರಿ ಅಣ್ಣಾರ. ಹಾಲಿನಂಗ ಅದ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಪರೀಕ್ಷಾ ನಿನ್ನ ಸಾಲ್ಯಾಗ ಮಾಡು. ಮನಿಗೆ ಬಂದೋರ ಮ್ಯಾಲ ಅಲ್ಲ."

ತಪ್ಪಾಯಿತೆಂದೆ. ಅವರಿಗೆ ಕಾಣುವುದಿಲ್ಲವೆಂದು ನಿನಗೆ ಯಾವಾಗ ತಿಳಿಯಿತು ಎಂದು ಕೇಳಿದೆ. ಗೆರೆ ಎಳೆದ ದಿನವೇ ಎಂದಳು. ಬಿಸಿಲು ಬಿದ್ದ ಕಲ್ಲು ಎದುರಿಗಿದ್ದರೂ ಕೈಯಿಂದ ಹುಡುಕುವವರು ಯಾರು? ಊರಿಗೆ ಗೊತ್ತಾಗುವುದು ಅವರಿಗೆ ಬೇಕಿರಲಿಲ್ಲ. ಗೊತ್ತಾದರೆ ಕತ್ತರಿ ಕೈಯಿಂದ ಕಸಿದುಕೊಳ್ಳುತ್ತಾರೆ ಎಂದಳು. "ದಿನಾ ಬಂದು ಕೇಳ್ತಾರ. ನಾ ಬಾಯಿ ಮುಚ್ಚಿಕೊಂಡು ಕೂತ್ರ ಆ ಮನಷ್ಯಾಗ ತಾ ಹಚ್ಚಿದ ಹೂ ಕಾಣೋದ ಹ್ಯಾಂಗ ಬೇ?"

ಹಾಗಾದರೆ ಆ ಪ್ರಶ್ನೆ ಅವ್ವನಿಗಾಗಿ ಕೇಳಿದ್ದೋ, ತಮಗಾಗಿ ಕೇಳಿದ್ದೋ? ಅವತ್ತಿನಿಂದ ಇವತ್ತಿನವರೆಗೆ ನನಗೆ ಬಗೆಹರಿದಿಲ್ಲ...

ಮಳೆಗಾಲ ಮುಗಿಯುತ್ತಿದ್ದಾಗ ಒಂದು ಸಂಜೆ ಅವ್ವ ತಾನೇ ಕೇಳಿದಳು. "ಅಣ್ಣಾರ, ಆ ಅಬ್ಬಲಗಿ ಬದುಕ್ಯಾದೇನ್ರಿ?" ಚಾಚಾ ಎದ್ದು, ಓಣಿ ದಾಟಿ ಹೋಗಿ, ಕುಂಡವನ್ನು ಎದೆಗೆ ಅವಚಿಕೊಂಡು ಬಂದರು. ಗಿಡ ಎರಡು ಪಟ್ಟು ಬೆಳೆದಿತ್ತು, ತುಂಬ ತೆನೆ. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹೂ ಬಿಡಿಸಿ ಮಡಿಲಿಗೆ ಹಾಕಿಕೊಂಡು, ಅಂಗಡಿಯಿಂದ ದಾರ ತರಿಸಿ ಕಟ್ಟಲು ಕೂತಳು. ಕಟ್ಟಿ ಮುಗಿದ ಮಾಲೆಯನ್ನು ಚಾಚಾ ಟೇಪಿನ ಪಕ್ಕ ಹಿಡಿದು ಬೆರಳಿಂದ ಅಳೆದು, "ಒಂದ ಮಳಕ್ಕ ನಾಕ ಬೆರಳ ಕಮ್ಮಿ" ಎಂದು ತೀರ್ಪು ಕೊಟ್ಟರು. ಅವ್ವ ಅದನ್ನು ನನ್ನ ಜಡೆಗೆ ಮುಡಿಸಿದಳು. ನಾನು ತಿರುಗಿ ನೋಡಲಿಲ್ಲ.

ಮುಂದಿನ ಬೇಸಿಗೆಗೆ ಅವರ ಮಗಳು ಬಂದಳು. ಅವಳನ್ನು ಕೊಟ್ಟದ್ದು ಅಫಜಲಪುರ ತಾಲ್ಲೂಕಿನ ಕರಜಗಿಗೆ. ಅಪ್ಪನನ್ನು ಡಾಕ್ಟರಿಗೆ ತೋರಿಸಿ, ಅಂಗಡಿ ಮುಚ್ಚಿಸಿ, ತನ್ನ ಜೊತೆ ಕರೆದೊಯ್ಯಲು ಬಂದಿದ್ದಳು. ಹೊರಡುವ ಮುನ್ನ ಚಾಚಾ ನಮ್ಮ ಮೆಟ್ಟಿಲ ಮೇಲೆ ಕೂತು ಹೊಸ ಸುದ್ದಿಯಂತೆ ಹೇಳಿದರು. "ಕಾಲಾ ಮೋತಿಯಾ ಅಂತ್ರಿ. ಕಣ್ಣಿನ ನರ ಒಣಗ್ಯಾವಂತ. ಹೋದ ದೃಷ್ಟಿ ಇನ್ನ ಬರೋದಿಲ್ಲಂತ."

"ಹೌದೇನ್ರಿ?" ಎಂದಳು ಅವ್ವ, ಈಗಷ್ಟೇ ಕೇಳಿದವಳಂತೆ.

ಚಾಚಾ ನಕ್ಕುಬಿಟ್ಟರು. "ನಿಮಗ ಗೊತ್ತಿತ್ತು ಅಮ್ಮಾರ. ಆ ದಿನ ಸದಾಫುಲಿ ಬೆಳ್ಳಗ ಅದ ಅನ್ನೂಕಿಂತ ಮೊದಲ ಜರಾ ತಡದ್ರಿ ನೀವು."

ಅವ್ವನೂ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಮೈ ಕುಲುಕುವ ಹಾಗೆ. ನಗು ನಿಲ್ಲುವ ಹೊತ್ತಿಗೆ ಜೀಪು ಬಂತು.

ಕರಜಗಿಗೆ ಹೋಗಬೇಕು ಎಂದು ಅವ್ವ ಹೇಳುತ್ತಲೇ ಇದ್ದಳು. ಪರೀಕ್ಷೆ, ಮೌಲ್ಯಮಾಪನ, ಚುನಾವಣೆಯ ಕೆಲಸ... ಇವೆಲ್ಲ ನನ್ನ ನೆಪಗಳು. ಒಂದೂವರೆ ವರ್ಷ ಕಳೆದು, ಬಿಳಿ ಸದಾಫುಲಿಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಕಬ್ಬಿನ ಹೊಲದ ಅಂಚಿಗೆ ಮನೆ. ಬಾಗಿಲು ತೆರೆದ ಮಗಳು ನಮ್ಮನ್ನು ಕಂಡು ಅಲ್ಲೇ ಅಳಲು ಶುರುಮಾಡಿದಳು. ಚಾಚಾ ಹೋಗಿ ಎರಡು ತಿಂಗಳಾಗಿತ್ತು. ನಮಗೆ ಹೇಳಿ ಕಳಿಸಲು ಆಕೆಯ ಹತ್ತಿರ ನಂಬರೂ ಇರಲಿಲ್ಲ.

ಒಳಗೆ ಕೂರಿಸಿ ನೀರು ಕೊಟ್ಟಳು. ಕುಂಡವನ್ನು ನೋಡುತ್ತಾ ಹೇಳಿದಳು. "ಅಬ್ಬಾ ದಿನಾ ಸಂಜಿಕೆ ಕೇಳ್ತಿದ್ರು, ಎಷ್ಟ ಅರಳ್ಯಾವ ಅಂತ. ನಮ್ಮ ಅಂಗಳದಾಗ ಹೂವೇ ಇಲ್ರಿ. ಕಬ್ಬ ಬಿಟ್ರ ಏನಿಲ್ಲ. ಇಲ್ಲ ಅಂದ್ರ ಮುಖಾ ಸಣ್ಣಾಗ್ತಿತ್ತು. ಹಂಗಾಗಿ ಒಂದಿನಾ ಐದು ಅಂತಿದ್ದೆ, ಒಂದಿನಾ ಹತ್ತು ಅಂತಿದ್ದೆ."

ಅವ್ವ ಆಕೆಯ ಕೈ ಹಿಡಿದುಕೊಂಡು, "ಚೊಲೋ ಮಾಡ್ದಿ ಯವ್ವಾ" ಎಂದಳು. ತಿರುಗಿ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಮತ್ತೆ ಮಾತು ಬಿಡುತ್ತಾಳೇನೋ ಎಂದು ನನಗೆ ಭಯವಾಗಿತ್ತು. ಬಿಡಲಿಲ್ಲ.

ಈಗ ನನಗೆ ಆಳಂದಕ್ಕೆ ವರ್ಗವಾಗಿದೆ. ಈ ಮನೆಯ ವರಾಂಡಕ್ಕೂ ಹೊತ್ತಿಗೊಂದು ಬಿಸಿಲು, ಹೊತ್ತಿಗೊಂದು ನೆರಳು. ನರ್ಸರಿಯಿಂದ ತಂದದ್ದನ್ನೆಲ್ಲ ಅವ್ವನೇ ಜಾಗ ನೋಡಿ ಇಡಿಸಿದಳು. ನನ್ನ ಸಲಹೆ ಕೇಳಲಿಲ್ಲ. ನಾಲ್ಕು ದಿನಕ್ಕೆ ಕರ್ಣಕುಂಡಲ ಬಿಚ್ಚಿತು. ನಿನ್ನೆ ಸಂಜೆ ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ಅವ್ವನ ಪಕ್ಕ ಕೂತೆ. ಯಾಕೋ ಬಾಯಿಗೆ ಬಂತು.

"ಯವ್ವಾ, ಇವತ್ತ ಎಷ್ಟ ಅರಳ್ಯಾವ?"

ಅವ್ವ ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಮೆಲ್ಲಗೆ ಹೇಳಿದಳು.

"ನಿನಗ ಕಣ್ಣ ಅವಲ್ಲ ಬೇ. ನೀನ ನೋಡಿಕೋ."

ಎದ್ದು ಒಳಗೆ ಹೋದಳು. ನಾನು ಒಬ್ಬಳೇ ಕೂತು ಎಣಿಸಿದೆ. ಏಳು ಇದ್ದವು.